ಹಳೆಯ ಸೀರೆ, ಪಂಚೆ, ಖಣಗಳಿಂದ ಮನೆಯಲ್ಲೇ ಉಡುಪು ಹೊಲಿಯುವ ಕ್ರಮ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಜಾಗಕ್ಕೆ ಎಷ್ಟೇ ಬರವಿದ್ದರೂ ಉಡದೆ ಉಳಿದ ಬಟ್ಟೆಗೆ ಬರವಿರುವುದಿಲ್ಲ. ಅರಿಶಿನ ಕುಂಕುಮಕ್ಕೆ ಹೋದಾಗ ಬಂದ ಕುಪ್ಪಸದ ಖಣಗಳು, ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದ ಪಂಚೆಗಳು, ಅಮ್ಮ ಊರಿನಿಂದ ಬರುವಾಗ ತಂದ ಹತ್ತಿ ಸೀರೆಗಳು, ಕಾಲರು ಸವೆದರೂ ಬೆನ್ನು ಗಟ್ಟಿಯಾಗಿರುವ ಅಂಗಿಗಳು, ಸಂಘದ ಸನ್ಮಾನದಲ್ಲಿ ಹೊದಿಸಿದ ಶಾಲುಗಳು ಎಲ್ಲವೂ ಅಟ್ಟದ ಮೇಲಿನ ಟ್ರಂಕಿನಲ್ಲಿ ಕೂತಿರುತ್ತವೆ. (ಶಾಲುಗಳನ್ನು ಮೊದಲೇ ಬದಿಗಿಟ್ಟುಬಿಡಿ, ಅವುಗಳಲ್ಲಿ ಬಹುಪಾಲು ತೊಡುವುದಕ್ಕೂ ಹೊದೆಯುವುದಕ್ಕೂ ಆಗದವು.) ಹಳೆಯ ಬಟ್ಟೆ ಪಡೆದು ಸ್ಟೀಲ್ ಡಬ್ಬಿ ಕೊಡುವ ಹೆಂಗಸಿಗೆ ಇವನ್ನು ಒಪ್ಪಿಸುವ ಮೊದಲು, ಇವುಗಳಿಂದ ಏನನ್ನು ಹೊಲಿಯಬಹುದೆಂದು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಅಂಗಡಿಯಿಂದ ಹೊಸ ಬಟ್ಟೆ ತಂದಾಗ ನಾವು ಮೊದಲು ಉಡುಪನ್ನು ನಿಶ್ಚಯಿಸಿ ಆಮೇಲೆ ಅದಕ್ಕೆ ಬೇಕಾದಷ್ಟು ಮೀಟರ್ ಕೊಳ್ಳುತ್ತೇವೆ. ಹಳೆಯ ಬಟ್ಟೆಯಲ್ಲಿ ಕ್ರಮ ತಲೆಕೆಳಗಾಗಬೇಕು. ಯಾವ ಭಾಗ ಎಷ್ಟು ಗಟ್ಟಿಯಿದೆ, ಯಾವ ನೂಲು, ಎಷ್ಟು ಪನ್ನ (ಬಟ್ಟೆಯ ಅಗಲ) ಎಂಬುದು ತಿಳಿದ ಮೇಲೆಯೇ ಉಡುಪಿನ ಮಾತು. ಹೊಲಿದ ಕುರ್ತಾ ಎರಡು ಒಗೆತಕ್ಕೆ ಬೆನ್ನಿನಲ್ಲಿ ಬಿರಿದರೆ ಅದಕ್ಕೆ ಸಾಮಾನ್ಯವಾಗಿ ಹೊಲಿಗೆ ಕಾರಣವಲ್ಲ, ಬಟ್ಟೆಯನ್ನು ಓದದೆ ಕತ್ತರಿ ಹಾಕಿದ್ದೇ ಕಾರಣ.

ಪರೀಕ್ಷೆಯನ್ನು ಹಗಲಿನಲ್ಲಿ, ಕಿಟಕಿಯ ಎದುರು ಮಾಡಬೇಕು. ಸೀರೆಯನ್ನು ಕೈಯಳತೆಯಷ್ಟು ಬಿಡಿಸುತ್ತ ಬೆಳಕಿಗೆ ಅಡ್ಡ ಹಿಡಿದರೆ ಎಳೆ ಸವೆದ ಜಾಗಗಳು ತೆಳುವಾಗಿ ಕಾಣಿಸುತ್ತವೆ. ಅಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿ. ಅಡಿಯ ಅಂಚು ಹಿಮ್ಮಡಿಗೆ ತಾಗುವಲ್ಲಿ ಬೇಗ ಸವೆಯುತ್ತದೆ. ಫಾಲ್ ಬಿಚ್ಚಿದ ಮೇಲೆ ಅದರ ಅಡಿಯ ಪಟ್ಟಿಯ ಬಣ್ಣ ಉಳಿದ ಒಡಲಿಗಿಂತ ಗಾಢವಾಗಿಯೇ ಉಳಿದಿರುವುದನ್ನೂ ಗಮನಿಸಬೇಕು. ಒಳಗೆ ಸುತ್ತಿಕೊಳ್ಳುವ ಮೊದಲ ಸುತ್ತು ಹೆಚ್ಚಾಗಿ ಹೊಸದರಂತೆಯೇ ಇರುತ್ತದೆ, ಆದ್ದರಿಂದ ಬೆನ್ನು ಮತ್ತು ಎದೆಯ ಭಾಗಗಳನ್ನು ಅಲ್ಲಿಂದಲೇ ತೆಗೆಯುವುದು ಲೇಸು. ಅನಂತರ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಮೊದಲು ಹಾಸಿನ (ಉದ್ದದ ಎಳೆಗಳ) ಕಡೆಗೆ, ಆಮೇಲೆ ಹೊಕ್ಕಿನ (ಅಡ್ಡ ಎಳೆಗಳ) ಕಡೆಗೆ ಹದವಾಗಿ ಜಗ್ಗಿ ನೋಡಿ. ಸಣ್ಣಗೆ ಚರ್ ಎಂದರೆ ಆ ಬಟ್ಟೆ ಒಂಟಿಯಾಗಿ ಉಡುಪಾಗಲಾರದು. ರೇಷ್ಮೆಯಾದರೆ ಮಡಿಕೆಯ ಗೆರೆಗಳನ್ನೇ ಮುಖ್ಯವಾಗಿ ನೋಡಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆ ಅದೇ ಗೆರೆಯಲ್ಲಿ ಬಿರಿಯುತ್ತದೆ.

ನೂಲು ಯಾವುದೆಂಬ ಅನುಮಾನವಿದ್ದರೆ ತುದಿಯಿಂದ ನಾಲ್ಕಾರು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಬಹುದು. ಹತ್ತಿ ಕಾಗದದ ವಾಸನೆ ಬೀರುತ್ತ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆಯಿದ್ದು, ಉಳಿದ ಕರಿ ಬೆರಳಿನಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈಚೆಗೆ ಸಿಗುವ ಖಣಗಳಲ್ಲಿ ಪಾಲಿಯೆಸ್ಟರ್ ಬೆರಕೆ ಬಹಳ. ಮುಂಬಯಿಯ ಮೇ ತಿಂಗಳ ಬೆವರಿನಲ್ಲಿ ಅದನ್ನು ಮೈಗೆ ತಾಗಿ ತೊಡುವುದು ಶಿಕ್ಷೆಯೇ ಸರಿ. ಅಂಥವನ್ನು ಚೀಲಕ್ಕೋ ದಿಂಬಿನ ಕವಚಕ್ಕೋ ಇಡಿ.

ಇನ್ನು ಒಗೆತ. ಟ್ರಂಕಿನಿಂದ ತೆಗೆದ ಬಟ್ಟೆಯಲ್ಲಿ ನುಸಿಗುಳಿಗೆಯ ವಾಸನೆಯೂ ಹಳೆಯ ಗಂಜಿಯೂ ಇರುತ್ತವೆ. ಹತ್ತಿಯನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಉಡುಪಾದ ಮೇಲೆ ಹೇಗೆ ಒಗೆಯುವಿರೋ ಹಾಗೆಯೇ ಈಗಲೂ ಒಗೆದು ಒಣಗಿಸಬೇಕು. ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಬಿಳಿಯ ಅರಿವೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಮನೆಮನೆಯಲ್ಲೂ ಹೇಳುತ್ತಾರಾದರೂ, ನೇಯ್ದು ಬಂದ ಬಟ್ಟೆಯ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಿಸುವುದೊಂದೇ ದಾರಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಉತ್ತಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಲ್ಕನಿಯ ಹಗ್ಗದ ಮೇಲೆ ಅರೆ ಒಣಗಿದ ಹತ್ತಿಗೆ ಬೂಷ್ಟು ಹಿಡಿದರೆ ಆ ಕಪ್ಪು ಚುಕ್ಕೆ ಸುಲಭವಾಗಿ ಹೋಗುವುದಿಲ್ಲ.

ಇಳಕಲ್ ಸೀರೆಯ ವಿಷಯದಲ್ಲಿ ಪ್ರತ್ಯೇಕ ಎಚ್ಚರಿಕೆ ಅಗತ್ಯ. ಸಾಂಪ್ರದಾಯಿಕ ಇಳಕಲ್ಲಿನ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಒಡಲಿನ ಹಾಸೆಳೆಗಳನ್ನೂ ಸೆರಗಿನ ಹಾಸೆಳೆಗಳನ್ನೂ ಕುಣಿಕೆಯಿಂದ ಕುಣಿಕೆಗೆ ಕೂಡಿಸಿ ನೇಯುವ ತೋಪು ತೆನೆ ಎಂಬ ವಿಧಾನವೇ ಅದರ ಹೆಗ್ಗುರುತು. ಎರಡು ಬಗೆಯ ನೂಲುಗಳು ನೀರಿನಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಆದ್ದರಿಂದ ಕೂಡಿಕೆಯ ಗೆರೆಯಲ್ಲಿ ಕತ್ತರಿ ಹಾಕಿ ಸೆರಗನ್ನು ಬೇರೆಯಾಗಿಟ್ಟು, ಒಡಲಿನಿಂದ ಕುರ್ತಾ ಹೊಲಿದು, ಸೆರಗಿನಿಂದ ಅಸ್ತರು ಕೊಟ್ಟ ತೋಳಿಲ್ಲದ ಜಾಕೀಟು ಹೊಲಿಯುವುದು ಒಳ್ಳೆಯ ವಿಭಾಗ. ಕೆಂಪು ಸೆರಗಿನ ಬಿಳಿ ಕೆಲಸ ಬೆನ್ನ ಮೇಲೆ ಬರುವಂತೆ ಇಟ್ಟುಕೊಂಡರೆ ಬೇರೆ ಅಲಂಕಾರವೇ ಬೇಡ. ಇನ್ನು ಹಳೆಯ ರೇಷ್ಮೆ ಸೀರೆಗಳ ಅಸಲಿ ಜರಿಯಲ್ಲಿ ಬೆಳ್ಳಿ ಇರುವುದರಿಂದ, ಕತ್ತರಿಸುವ ಮೊದಲು ನಂಬಿಕೆಯ ಅಂಗಡಿಯಲ್ಲಿ ಜರಿಯನ್ನು ತೋರಿಸಿಕೊಳ್ಳುವುದು ಜಾಣತನ.

ಮೊದಲ ಉಡುಪಾಗಿ ಕಳಿ ಕುರ್ತಾವನ್ನು, ಎಂದರೆ ಪಕ್ಕಗಳಲ್ಲಿ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಕಳಿ ಎಂಬ ಪಟ್ಟಿಗಳನ್ನು ಕೂಡಿಸಿದ ಕುರ್ತಾವನ್ನು, ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದರ ಭಾಗಗಳೆಲ್ಲ ನೇರ ಗೆರೆಗಳಲ್ಲಿ ಕತ್ತರಿಸಲ್ಪಡುವುದರಿಂದ ತೋಳಿನ ಸುತ್ತಿನ ಗೊಂದಲವಿಲ್ಲ, ಬಟ್ಟೆಯೂ ಹಾಳಾಗುವುದಿಲ್ಲ. ಎದೆ 36 ಇಂಚು ಇರುವವರಿಗೆ, ಉದ್ದ 42 ಇಂಚಿನ ಕುರ್ತಾದ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇನೆ. ಸಣ್ಣ ಅಂಚಿನ, ಸುಮಾರು 47 ಇಂಚು ಪನ್ನದ, ಐದೂವರೆ ಮೀಟರ್ ಹತ್ತಿ ಸೀರೆ ನಿಮ್ಮ ಬಳಿ ಇದೆಯೆಂದು ಇಟ್ಟುಕೊಳ್ಳಿ. ಎರಡೂ ಅಂಚುಗಳನ್ನು ಕತ್ತರಿಸಿ ಬದಿಗಿಟ್ಟರೆ 45 ಇಂಚು ಅಗಲ ಉಳಿಯುತ್ತದೆ.

ಮೊದಲು 44 ಇಂಚು ಉದ್ದದ ತುಂಡು ತೆಗೆದು, ಅದನ್ನು ಉದ್ದಕ್ಕೆ 15 ಇಂಚಿನ ಮೂರು ಪಟ್ಟಿಗಳಾಗಿ ಮಾಡಿ. ಒಂದು ಮುಂಭಾಗ, ಒಂದು ಬೆನ್ನು. ಮೂರನೆಯ ಪಟ್ಟಿಯಿಂದ 37 ಇಂಚು ಉದ್ದವನ್ನು ಕಳಿಗೆ ತೆಗೆದರೆ, ಉಳಿಯುವ 7 ಇಂಚಿನ ತುಂಡಿನಲ್ಲಿ ಕಂಕುಳಿಗೆ ಬೇಕಾದ ನಾಲ್ಕೂವರೆ ಇಂಚಿನ ಎರಡು ಚೌಕಗಳು ಸಿಗುತ್ತವೆ. ಆಮೇಲೆ ಸೀರೆಯಿಂದ 37 ಇಂಚಿನ ಇನ್ನೊಂದು ತುಂಡು ತೆಗೆಯಿರಿ: ಅದರಲ್ಲಿ 15 ಇಂಚಿನ ಪಟ್ಟಿ ಎರಡನೆಯ ಜೋಡಿ ಕಳಿಗೆ, ಉಳಿದ 30 ಇಂಚು ಅಗಲದಲ್ಲಿ ತಲಾ 15 ಇಂಚು ಅಗಲ, 18 ಇಂಚು ಉದ್ದದ ಎರಡು ತೋಳುಗಳು, ಮಿಕ್ಕದ್ದು ಜೇಬಿಗೆ. ಲೋಕಲ್ ರೈಲಿನಲ್ಲಿ ಓಡಾಡುವವರು ಜೇಬನ್ನು ಮರೆಯಬಾರದು. ಹೀಗೆ 81 ಇಂಚು, ಎಂದರೆ ಎರಡು ಮೀಟರಿಗಿಂತ ತುಸು ಹೆಚ್ಚು ಬಟ್ಟೆಯಲ್ಲಿ ಕುರ್ತಾ ಮುಗಿದು, ಸಲವಾರಿಗೋ ಲಂಗಕ್ಕೋ ಸಾಕಾಗುವಷ್ಟು ಸೀರೆ ಇನ್ನೂ ಉಳಿದಿರುತ್ತದೆ.

ಕಳಿಯನ್ನು ಕತ್ತರಿಸುವ ಬಗೆ ಹೀಗೆ. 15 ಇಂಚು ಅಗಲದ ಪಟ್ಟಿಯ ಮೇಲಂಚಿನಲ್ಲಿ ಎಡಗಡೆಯಿಂದ ನಾಲ್ಕೂವರೆ ಇಂಚಿಗೆ, ಕೆಳ ಅಂಚಿನಲ್ಲಿ ಎಡಗಡೆಯಿಂದ ಹತ್ತೂವರೆ ಇಂಚಿಗೆ ಗುರುತು ಮಾಡಿ, ಎರಡನ್ನೂ ಓರೆಗೆರೆಯಿಂದ ಕೂಡಿಸಿ ಕತ್ತರಿಸಿದರೆ ಒಂದೇ ಅಳತೆಯ ಎರಡು ಕಳಿಗಳು ಸಿಗುತ್ತವೆ. ಎರಡನೆಯದನ್ನು ತಲೆಕೆಳಗೆ ತಿರುಗಿಸಿಕೊಳ್ಳಬೇಕಷ್ಟೆ. ಹೂಬಳ್ಳಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವ ಛಾಪಿನ ಬಟ್ಟೆಯಲ್ಲಿ ಈ ತಿರುಗಿಸುವಿಕೆ ಎದ್ದು ಕಾಣುವುದರಿಂದ ಅಂಥದ್ದನ್ನು ಕಳಿಗೆ ಬಳಸಬೇಡಿ. ಎಲ್ಲ ಕಡೆಯೂ ಅರ್ಧ ಇಂಚು ಹೊಲಿಗೆಗೆ ಹೋದ ಮೇಲೆ ಮುಂಭಾಗ ಮತ್ತು ಬೆನ್ನು ತಲಾ 14, ನಾಲ್ಕು ಕಳಿಗಳ ತುದಿ ತಲಾ ಮೂರೂವರೆ, ಒಟ್ಟು ಸುತ್ತಳತೆ 42 ಇಂಚು. ಎದೆಗಿಂತ 6 ಇಂಚು ಸಡಿಲ. ನಿಮ್ಮ ಎದೆಯಳತೆ ಬೇರೆಯಾದರೆ ಕಳಿಯ ಮೇಲ್ತುದಿಯನ್ನು ಹೆಚ್ಚು ಕಡಿಮೆ ಮಾಡಿ, ಅದೇ ಅಳತೆಗೆ ಕಂಕುಳಿನ ಚೌಕವನ್ನೂ ಬದಲಿಸಿ.

ಕತ್ತರಿಸುವಾಗ ಗಟ್ಟಿ ಹತ್ತಿಯನ್ನು ಸಣ್ಣ ಕಚ್ಚು ಕೊಟ್ಟು ಹರಿದರೆ ಎಳೆಯ ನೇರಕ್ಕೇ ಹರಿಯುತ್ತದೆ. ಹಳೆಯದಾಗಿ ಮೆತ್ತಗಾದ ಬಟ್ಟೆಯನ್ನು ಮಾತ್ರ ಹರಿಯಬೇಡಿ. ಒಂದು ಎಳೆಯನ್ನು ಎಳೆದು ತೆಗೆದು, ಅಲ್ಲಿ ಮೂಡುವ ಗೆರೆಯ ಮೇಲೆ ಕತ್ತರಿ ಆಡಿಸಿ.

ಹೊಲಿಗೆಗೆ ಮುನ್ನ ಸೂಜಿ ಬದಲಿಸಿ. ತೆಳು ಸೀರೆಗೆ 11ನೆಯ ನಂಬರು, ಸಾಧಾರಣ ಹತ್ತಿಗೆ 14, ಪರದೆ ಅಥವಾ ಜೀನ್ಸಿನ ದಪ್ಪಕ್ಕೆ 16. ಮೊಂಡಾದ ಸೂಜಿ ಹಳೆಯ ಎಳೆಯನ್ನು ಸರಿಸಿ ಹೋಗುವ ಬದಲು ಕಡಿದು ಹೋಗುತ್ತದೆ. ಹೊಲಿಗೆ ತೀರ ಸಣ್ಣದಾದರೂ ಕಷ್ಟವೇ, ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದ ಸಾಲಿನಲ್ಲೇ ಬಟ್ಟೆ ಹರಿಯುತ್ತದೆ. ಎರಡೂವರೆಯಿಂದ ಮೂರು ಮಿಲಿಮೀಟರ್ ಸರಿ. ನೂಲೂ ಬಟ್ಟೆಗಿಂತ ಬಲವಾಗಿರಬಾರದು: ಮೆತ್ತನೆಯ ಹತ್ತಿಗೆ ಹತ್ತಿಯ ದಾರವೇ ಆಗಬೇಕು, ಏಕೆಂದರೆ ಎಳೆತ ಬಿದ್ದಾಗ ದಾರ ಕಡಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಕಡಿದರೆ ಉಪಾಯವಿಲ್ಲ.

ಮೊದಲು ಭುಜಗಳನ್ನು ಕೂಡಿಸಿ. ಕೊರಳನ್ನು ಆರೂವರೆ ಇಂಚು ಅಗಲ, ಮುಂದೆ 7, ಹಿಂದೆ ಒಂದೂವರೆ ಇಂಚು ಆಳಕ್ಕೆ ಕತ್ತರಿಸಿ, ಓರೆಯಾಗಿ ತೆಗೆದ ಒಂದೂಕಾಲು ಇಂಚಿನ ಪಟ್ಟಿಯಿಂದ ಮುಗಿಸಿ. ಈ ಪಟ್ಟಿಗೆ ಹಳೆಯ ಮಲ್ (ತೆಳು ಹತ್ತಿ) ಪಂಚೆಯಷ್ಟು ಹೊಂದಿಕೊಳ್ಳುವ ಬಟ್ಟೆ ಇನ್ನೊಂದಿಲ್ಲ. ತೋಳಿನ ನಡುವನ್ನು ಭುಜದ ಹೊಲಿಗೆಗೆ ಹೊಂದಿಸಿ ಎರಡೂ ಕಡೆ ಕೂಡಿಸಿದ ಮೇಲೆ, ಅದರ ಕೆಳಗೆ ಕಳಿಗಳು ಬರುತ್ತವೆ. ಕಳಿಯ ಓರೆಯಂಚನ್ನು ಮುಂಭಾಗ ಅಥವಾ ಬೆನ್ನಿನ ನೇರ ಅಂಚಿಗೇ ಸೇರಿಸಬೇಕು. ಎರಡು ಓರೆಯಂಚುಗಳನ್ನು ಒಂದಕ್ಕೊಂದು ಹೊಲಿದರೆ ಅದು ದಿನ ಕಳೆದಂತೆ ಜೋತು ಬೀಳುತ್ತದೆ. ಕಂಕುಳಿನ ಚೌಕದ ನಾಲ್ಕು ಅಂಚುಗಳಲ್ಲಿ ಎರಡು ತೋಳಿಗೆ, ಎರಡು ಮುಂದಿನ ಮತ್ತು ಹಿಂದಿನ ಕಳಿಗಳ ತುದಿಗೆ. ಇದೊಂದು ಭಾಗವನ್ನು ಮಾತ್ರ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡು, ತೋಳೆತ್ತಿ ನೋಡಿ, ಆಮೇಲೆ ಮಷೀನಿಗೆ ಕೊಡಿ. ಮೂಲೆಗಳಲ್ಲಿ ಅರ್ಧ ಇಂಚು ಮೊದಲೇ ಹೊಲಿಗೆ ನಿಲ್ಲಿಸಿದರೆ ಚೌಕ ಸುಕ್ಕಿಲ್ಲದೆ ಕೂರುತ್ತದೆ. ಕೊನೆಗೆ ತೋಳಿನ ತುದಿಯಿಂದ ಕೆಳಗಿನವರೆಗೆ ಪಕ್ಕದ ಹೊಲಿಗೆ.

ತೆಳುವಾದ ಬಟ್ಟೆಗೆ ಒಂದೇ ಹೊಲಿಗೆ ಸಾಲದು. ಬಟ್ಟೆಯ ಒಳಮೈಗಳನ್ನು ಎದುರುಬದುರಾಗಿಟ್ಟು ಕಾಲು ಇಂಚಿಗೆ ಒಮ್ಮೆ ಹೊಲಿದು, ಅಂಚನ್ನು ಸಣ್ಣದಾಗಿ ಸವರಿ, ಬಟ್ಟೆಯನ್ನು ತಿರುಗಿಸಿ ಮತ್ತೊಮ್ಮೆ ಕಾಲು ಇಂಚಿಗೆ ಹೊಲಿದರೆ ಬಿಡಿ ಎಳೆಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ. ಉದ್ದದ ಹೊಲಿಗೆಗಳಿಗೆ ಇದನ್ನೇ ಅನುಸರಿಸಿ, ಚೌಕದ ಸುತ್ತ ಮಾತ್ರ ಇಂಟರ್‌ಲಾಕ್ ಮಾಡಿಸಿಕೊಳ್ಳಿ. ಕೆಳಗಿನ ಮಡಿಕೆ ಹಾಕುವ ಮೊದಲು ಕುರ್ತಾ ಒಂದು ರಾತ್ರಿ ಹ್ಯಾಂಗರಿನಲ್ಲಿ ತೂಗಲಿ; ಕಳಿಯ ಓರೆ ಇಳಿಯುವಷ್ಟು ಇಳಿದ ಮೇಲೆ ಘೇರನ್ನು (ಕೆಳಗಿನ ಸುತ್ತನ್ನು) ಸಮ ಮಾಡಿ, ಕತ್ತರಿಸಿಟ್ಟ ಅಂಚನ್ನು ಅಲ್ಲಿಗೂ ತೋಳಿನ ತುದಿಗೂ ಹಚ್ಚಬಹುದು.

ಬೆಳಕಿನ ಪರೀಕ್ಷೆಯಲ್ಲಿ ಸೋತ, ಆದರೆ ಬಿಡಲು ಮನಸ್ಸಾಗದ ರೇಷ್ಮೆಗೆ ಅಸ್ತರಿನ ಆಧಾರ ಬೇಕು. ಮೇಲಿನ ಬಟ್ಟೆಯನ್ನೂ ಮಲ್ಲಿನ ಅಸ್ತರನ್ನೂ ಒಂದೇ ಅಳತೆಗೆ ಕತ್ತರಿಸಿ, ಎರಡನ್ನೂ ಸಮತಟ್ಟಾಗಿ ಹಾಸಿ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಅನಂತರ ಒಂದೇ ಬಟ್ಟೆಯೆಂಬಂತೆ ಹೊಲಿದರೆ ಎಳೆತವೆಲ್ಲ ಅಸ್ತರಿನ ಮೇಲೆ ಬೀಳುತ್ತದೆ. ಬಿಗಿಯಾದ ಕುಪ್ಪಸಕ್ಕೆ ಇದೂ ಸಾಲದು, ಸಡಿಲವಾದ ಜಾಕೀಟಿಗೆ ಸಾಕು.

ಗಂಡಸರ ಅಂಗಿಯಿಂದ ಮಗುವಿನ ಫ್ರಾಕು ಇದಕ್ಕಿಂತ ಸುಲಭ. ಗುಂಡಿಪಟ್ಟಿಯನ್ನು ಬಿಚ್ಚದೆ ಹಾಗೆಯೇ ಉಳಿಸಿಕೊಂಡು, ಅದನ್ನು ಫ್ರಾಕಿನ ಬೆನ್ನಿಗೆ ತಿರುಗಿಸಿದರೆ ಕಾಜಾ ಮಾಡುವ ಶ್ರಮವೇ ಇಲ್ಲ. ಅಂಗಿಯ ಬೆನ್ನು ಫ್ರಾಕಿನ ಮುಂಭಾಗವಾಗುತ್ತದೆ, ಕೆಳಗಿನ ಮಡಿಕೆಯೂ ಸಿದ್ಧವಾಗಿಯೇ ಬಂದಿರುತ್ತದೆ.

ಇಷ್ಟಾದರೂ ಕೆಲವು ಸಾಮಾನು ಕೊಳ್ಳಲೇಬೇಕು. ಗುಂಡಿ, ಲೇಸು, ಜರಿಪಟ್ಟಿಗಳಿಗೆ ಭುಲೇಶ್ವರ, ಅಸ್ತರಿನ ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲದಾಸ್ ಮಾರ್ಕೆಟ್ ಅಥವಾ ದಾದರಿನ ಹಿಂದಮಾತಾ. ಹಳೆಯ ಬಟ್ಟೆಯ ಚಿಕ್ಕ ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲ ಬಳಿಗೆ ಬಂದು ಬಣ್ಣ ಹೊಂದಿಸಿ. ಮೀಟರ್ ಲೆಕ್ಕದ ಹೊಸ ಬಟ್ಟೆಯ ಕಡೆಗೆ ಕಣ್ಣು ಹಾಯಿಸದೆ ಹಿಂದಿರುಗುವುದು ಅಲ್ಲಿ ಕಷ್ಟವೆಂಬುದನ್ನೂ ಹೇಳಿಬಿಡಬೇಕು.

ಕತ್ತರಿಸಿ ಮಿಕ್ಕ ಚಿಂದಿಗಳನ್ನು ಹತ್ತಿ, ರೇಷ್ಮೆ, ಬೆರಕೆ ಎಂದು ಮೂರು ಚೀಲಗಳಲ್ಲಿ ಬೇರೆ ಬೇರೆಯಾಗಿ ತುಂಬಿಸಿಡಿ. ಹತ್ತಿಯ ಚೀಲ ತುಂಬಿದಾಗ ಕೌದಿಗೆ, ಎಂದರೆ ತುಂಡುಬಟ್ಟೆಗಳ ಹೊದಿಕೆ ಹೊಲಿಯಲು, ಕೂರಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ, ತುಂಡಿನ ಮೇಲೆ ತುಂಡಿಟ್ಟು ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಒರಟೊರಟಾದ ತುಂಡುಗಳನ್ನು ಮೊದಲೇ ಚೌಕಗಳಾಗಿ ಕತ್ತರಿಸಬೇಕಾದ ಅಗತ್ಯ ಈ ಕ್ರಮದಲ್ಲಿ ಇಲ್ಲದ್ದರಿಂದ ಚಿಂದಿಯಲ್ಲೂ ಚಿಂದಿ ಉಳಿಯುವುದಿಲ್ಲ. ಅಡಿಗೆ ಹಳೆಯ ಸೀರೆ, ನಡುವೆ ಸವೆದ ಪಂಚೆ, ಮೇಲೆ ತುಂಡುಗಳು, ಬೆರಳಗಲದ ಅಂತರಕ್ಕೊಂದು ಸಾಲು ಹೊಲಿಗೆ. ಇದಕ್ಕೆ ಮಷೀನು ಬೇಡ, ದಪ್ಪ ಸೂಜಿಯೂ ಗಟ್ಟಿ ದಾರವೂ ಇದ್ದರಾಯಿತು. ಬಟ್ಟೆ ಒಣಗದ ಮಳೆಗಾಲದ ತಿಂಗಳುಗಳಿಗೆ ಈ ಕೆಲಸವನ್ನು ಎತ್ತಿಟ್ಟುಕೊಳ್ಳಿ.