ಕಣ್ಣಿಗೆ ಹನಿ ಹಾಕುವ ಮೊದಲು ರಕ್ತನಾಳದ ಪರೀಕ್ಷೆ

ಸಕ್ಕರೆ ಕಾಯಿಲೆ ಇರುವವರ ಅಕ್ಷಿಪಟಲದ (ಕಣ್ಣಿನೊಳಗೆ ಹಿಂಭಾಗದಲ್ಲಿರುವ ಪರದೆ) ಫೋಟೊ ತೆಗೆಯುವುದು ನನ್ನ ಕೆಲಸ. ಜೊತೆಗೆ ಅವರ ರಕ್ತನಾಳ ಎಷ್ಟು ಗಡುಸಾಗಿದೆ ಅಂತಲೂ ಅಳೆಯುತ್ತೇನೆ. ಕಣ್ಣಿಗೂ ಅದಕ್ಕೂ ಏನು ಸಂಬಂಧ ಅಂತ ಬಹಳ ಜನ ಕೇಳುತ್ತಾರೆ.

ಹೃದಯದಿಂದ ಹೊರಡುವ ದೊಡ್ಡ ನಾಳ ಹಿಗ್ಗಿ ಕುಗ್ಗಿ ಪ್ರತಿ ಬಡಿತದ ಹೊಡೆತವನ್ನು ತಾನೇ ತಡೆದುಕೊಳ್ಳುತ್ತದೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಅದರ ಗೋಡೆಯ ನಾರುಗಳು ಒಂದಕ್ಕೊಂದು ಬೆಸೆದುಕೊಂಡು ಬಿಗಿಯಾಗುತ್ತವೆ. ಆಗ ಹೊಡೆತ ತಗ್ಗದೆ ಕಣ್ಣು, ಕಿಡ್ನಿ, ಮಿದುಳಿನ ಸಣ್ಣ ನಾಳಗಳವರೆಗೂ ಹೋಗುತ್ತದೆ. ಅಕ್ಷಿಪಟಲದ ನಾಳಗಳಂತೂ ಸಕ್ಕರೆಯಿಂದ ಮೊದಲೇ ಸೊರಗಿರುತ್ತವೆ.

ರಕ್ತನಾಳದ ಪರೀಕ್ಷೆಯನ್ನೇ ನಾನು ಮೊದಲು ಮಾಡುವುದು. ಪಾಪೆ ಹಿಗ್ಗಿಸುವ ಕೆಲವು ಹನಿಗಳಲ್ಲಿ ಫಿನೈಲೆಫ್ರಿನ್ ಅನ್ನುವ ಔಷಧಿ ಇರುತ್ತದೆ, ಅದು ಬಿಪಿ ಏರಿಸಬಹುದು. ನಾನು ಅಳೆಯುವುದು ನಾಡಿಯ ಅಲೆ ನಾಳದಲ್ಲಿ ಸಾಗುವ ವೇಗವನ್ನು; ನಾಳ ಗಡುಸಾದಷ್ಟೂ ಅದು ಜಾಸ್ತಿ. ಆದರೆ ಬಿಪಿ ಏರಿದರೂ ಈ ವೇಗ ಏರುತ್ತದೆ. ಹಾಗಾಗಿ ಹಿಂದಿನ 3 ಗಂಟೆ ಕಾಫಿ, ಸಿಗರೇಟು ಬೇಡ ಅಂತ ಮೊದಲೇ ಹೇಳಿರುತ್ತೇನೆ. ಬಂದವರನ್ನು 10 ನಿಮಿಷ ಸುಮ್ನೆ ಮಲಗಿಸಿ, ಬಿಪಿ ಬರೆದುಕೊಂಡು, ಕುತ್ತಿಗೆಯಲ್ಲೂ ತೊಡೆಸಂದಿಯಲ್ಲೂ ನಾಡಿ ಹಿಡಿಯುತ್ತೇನೆ. ಅಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪುವ ಸಮಯ ಯಂತ್ರ ಕೊಡುತ್ತದೆ. ದೂರ ಅಳೆಯುವುದು ನಮ್ಮ ಕೈಯಲ್ಲಿದೆ. ಹೊಟ್ಟೆ ದಪ್ಪ ಇದ್ದವರಲ್ಲಿ ಟೇಪನ್ನು ಹೊಟ್ಟೆಯ ಮೇಲೆ ಬಳಸಿ ಹಾಕಿದರೆ ದೂರ ಜಾಸ್ತಿ ಬರುತ್ತದೆ, ವೇಗವೂ ಸುಳ್ಳೇ ಜಾಸ್ತಿ ಕಾಣುತ್ತದೆ. ಟೇಪನ್ನು ಎತ್ತಿ ನೇರವಾಗಿ ಹಿಡಿಯಬೇಕು. ಆ ನೇರ ದೂರದಲ್ಲಿ ನೂರಕ್ಕೆ 80 ಭಾಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ ನಾಳ ಗಡುಸಾಗಿದೆ ಅಂತ ಅರ್ಥ.

ಆಮೇಲೆ ಹನಿ, ಫೋಟೊ. ಕೆಂಪು ಚುಕ್ಕೆ, ರಕ್ತದ ಕಲೆ, ಹಳದಿ ಕಲೆ ಹುಡುಕುತ್ತೇನೆ. ದೃಷ್ಟಿಯ ನಡುಭಾಗದ ಹತ್ತಿರ ಹಳದಿ ಕಂಡರೆ ಊತವೂ ಇದೆಯಾ ಅಂತ ಓಸಿಟಿ (ಬೆಳಕಿನಿಂದ ಅಕ್ಷಿಪಟಲದ ಪದರಗಳನ್ನು ತೋರಿಸುವ ಸ್ಕ್ಯಾನ್) ಮಾಡಿ ನೋಡಲೇಬೇಕು.

ನಾಳ ಗಡುಸಾಗಿದ್ದೂ ಕಣ್ಣು ಚೆನ್ನಾಗಿರುವವರಿದ್ದಾರೆ, ಅದರ ಉಲ್ಟಾನೂ ಇದೆ. ವೇಗದ ಅಂಕಿ ನೋಡಿ ಕಣ್ಣಿನ ಫೋಟೊ ಬಿಡುವ ಹಾಗೇ ಇಲ್ಲ. ಆದರೆ ಎರಡೂ ಕೆಟ್ಟಿದ್ದರೆ ನನಗೆ ನಿಜಕ್ಕೂ ಚಿಂತೆಯಾಗುತ್ತದೆ. ಅಂಥವರ ಬಿಪಿ ಮತ್ತು ಕಿಡ್ನಿ ಪರೀಕ್ಷೆಯನ್ನು ಮುಂದೂಡಬೇಡಿ ಅಂತ ಅವರ ಡಾಕ್ಟರಿಗೆ ಬರೆಯುತ್ತೇನೆ.

ಯಂತ್ರ ಇಲ್ಲದ ಕಡೆ ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ಅಂತರ ನೋಡಿ. ವಯಸ್ಸಾದವರಲ್ಲಿ 160/70 ಥರ ಅಂತರ ದೊಡ್ಡದಿದ್ದರೆ ಅದೂ ಗಡುಸು ನಾಳದ ಸುಳಿವೇ. ಕಣ್ಣಿನ ತಪಾಸಣೆ ವರ್ಷಕ್ಕೊಮ್ಮೆ ಇರಲಿ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಬಿದ್ದ ಹಾಗಾದರೆ ಅವತ್ತೇ ಹೋಗಿ ತೋರಿಸಿ.