ಆರ್-2508ರ ಅಡಿಯಲ್ಲಿ ಬಿಷಪ್‌ವರೆಗೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನ ವಿಮಾನ ನಿಲ್ದಾಣ ಫಾಕ್ಸ್ ಫೀಲ್ಡಿನಿಂದ, ಆರ್-2508 ಎಂಬ ಮಿಲಿಟರಿಯ ನಿರ್ಬಂಧಿತ ಆಕಾಶದ ಅಡಿಯಲ್ಲಿ, ಓವೆನ್ಸ್ ಕಣಿವೆ ಹಿಡಿದು ಬಿಷಪ್ ಎಂಬ ಊರಿಗೆ ಹೋಗಿ ಬರಬಹುದು. ಅದೂ ವಾರದ ದಿನ, ಬಾಡಿಗೆಯ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ, ಒಬ್ಬನೇ. ಹಾಗೆಂದು ನಾನು ಹೇಳಿದಾಗ ನಂಬಿದವರು ಕಡಿಮೆ. ಮಂಗಳೂರು, ಉಡುಪಿಯಿಂದ ಕ್ಯಾಲಿಫೋರ್ನಿಯಾಕ್ಕೆ ಅವರ್ ಬಿಲ್ಡಿಂಗಿಗೆ, ಅಂದರೆ ಹಾರಾಟದ ಗಂಟೆ ಕೂಡಿಸಲು ಹೋದ ನನ್ನ ಪರಿಚಯದ ಹುಡುಗರೆಲ್ಲ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಪೈಲಟ್ ಲೈಸೆನ್ಸಿಗೆ ಕೇಳುವ 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ ಹಾರಾಟವನ್ನು ಬೇಕರ್ಸ್‌ಫೀಲ್ಡ್, ಫ್ರೆಸ್ನೋ ಕಡೆಗೇ ಮುಗಿಸಿದವರು. "ಎಂತ ಮಾರಾಯ, ಮಿಲಿಟರಿ ಜಾಗೆಯ ಮಧ್ಯೆ ಹೋಗ್ಲಿಕ್ಕುಂಟಾ? ಲೈಸೆನ್ಸ್ ಹೋದ್ರೆ ಇಷ್ಟು ಖರ್ಚು ಮಾಡಿದ್ದೆಲ್ಲ ನೀರುಪಾಲು" ಎಂದ ನನ್ನ ಸೀನಿಯರ್, ಕಾರ್ಕಳದವನು. ಅಲ್ಲಿನ ಇನ್‌ಸ್ಟ್ರಕ್ಟರೂ ಚಾರ್ಟು ನೋಡಿ ತಲೆ ಅಲ್ಲಾಡಿಸಿದ್ದರು.

ನಾನು ಹಟ ಹಿಡಿದದ್ದಕ್ಕೆ ಕಾರಣ ದುಡ್ಡು. ಚಳಿಗಾಲದಲ್ಲಿ ಬೇಕರ್ಸ್‌ಫೀಲ್ಡ್, ಫ್ರೆಸ್ನೋ ಇರುವ ಸೆಂಟ್ರಲ್ ವ್ಯಾಲಿಯಲ್ಲಿ ಟೂಲಿ ಮಂಜು ಕೂತರೆ ದಿನಗಟ್ಟಲೆ ಏಳುವುದಿಲ್ಲ. ನಾನು ಮೊದಲ ಸಲ ಹೋದಾಗ ಎರಡು ವಾರದ ಹತ್ತಿರ ಬರೀ ಕಾದೆ. ರೂಮು, ಊಟ, ಕಾರಿನ ಪಾಲು ಸೇರಿ ದಿನಕ್ಕೆ ಅರುವತ್ತು ಎಪ್ಪತ್ತು ಡಾಲರ್. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿ ನೆಲದ ಮೇಲೆ ಕೂತೇ ಕರಗಿತು. ಅದೇ ಹೊತ್ತಿಗೆ ಬೆಟ್ಟದ ಈಚೆ ಮರುಭೂಮಿಯ ಕಡೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತಿತ್ತು. ಅಲ್ಲಿ ಅಡ್ಡ ಇದ್ದದ್ದು ಆರ್-2508 ಮಾತ್ರ.

ಆ ನಂಬರು ಕೇಳಿಯೇ ಹೆಚ್ಚಿನವರು ಹಿಂದೆ ಸರಿಯುವುದು. ಆದರೆ ಆರ್-2508ರ ತಳ ಇರುವುದು ಫ್ಲೈಟ್ ಲೆವೆಲ್ 200ರಲ್ಲಿ, ಅಂದರೆ ಸುಮಾರು 20,000 ಅಡಿಯಲ್ಲಿ, ನಮ್ಮ 172 ಅಲ್ಲಿಗೆ ಏರುವುದೇ ಇಲ್ಲ. ಮುಟ್ಟಬಾರದ್ದು ಅದರ ಅಡಿಯಲ್ಲಿ ನೆಲದಿಂದಲೇ ಎದ್ದವು: ಎಡ್ವರ್ಡ್ಸ್ ವಾಯುನೆಲೆಯ ಆರ್-2515, ಚೈನಾ ಲೇಕ್ ನೌಕಾಪಡೆ ನೆಲೆಯ ಆರ್-2505, ಇನ್ಯೋಕರ್ನ್ ಪಕ್ಕದ ಆರ್-2506. ನಮ್ಮ ದಾರಿಗೆ ಸಿಗುವ ಉಳಿದ ಜಾಗ ಇಸಬೆಲ್ಲಾ, ಓವೆನ್ಸ್ ಎಂಬ ಎಂಒಎಗಳು, ಅಂದರೆ ಮಿಲಿಟರಿ ವಿಮಾನಗಳು ಅಭ್ಯಾಸ ಮಾಡುವ ಆಕಾಶ. ಗರ್ಭಗುಡಿಗೆ ಪ್ರವೇಶ ಇಲ್ಲ, ರಥಬೀದಿಯಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ತೇರು ಬರುತ್ತದಾ ಎಂದು ಕಣ್ಣಿಟ್ಟಿರಬೇಕು, ಅಷ್ಟೆ. ನಮ್ಮ ದೇಶದಲ್ಲಿ ಎಡಿಸಿ (ವಾಯುರಕ್ಷಣಾ ಅನುಮತಿ) ನಂಬರಿಲ್ಲದೆ ಹೊರಡಲಿಕ್ಕಾಗದ ಅಭ್ಯಾಸ ನಮಗೆ, ಹಾಗಾಗಿ ಇದು ತಲೆಗೆ ಹೋಗಲು ಸಮಯ ಬೇಕು. ಎಂಒಎಯಲ್ಲಿ ಜೆಟ್‌ಗಳು ನೆಲದಿಂದ 200 ಅಡಿವರೆಗೂ ಇಳಿಯುತ್ತವೆ ಎಂಬುದನ್ನು ಮಾತ್ರ ಮರೆಯಬಾರದು.

ಗೆರೆ ಎಳೆಯುವುದು ದೊಡ್ಡ ವಿಷಯವಲ್ಲ, ಯಾವ ದಿನ ಹೋಗುವುದು ಎಂಬುದೇ ವಿಷಯ. ಶನಿವಾರ, ಭಾನುವಾರ ಮಿಲಿಟರಿ ಹಾರಾಟ ಕಡಿಮೆ ಅಂತ ಎಲ್ಲರಿಗೂ ಗೊತ್ತು. ಆದರೆ ಆ ದಿನಗಳಲ್ಲಿ ಬಾಡಿಗೆ ವಿಮಾನ ಸಿಗಬೇಕಲ್ಲ! ಊರಿನ ರೆಗ್ಯುಲರ್ ಗಿರಾಕಿಗಳು ತಿಂಗಳ ಮೊದಲೇ ಬುಕ್ ಮಾಡಿರುತ್ತಾರೆ. ನನಗೆ ಬೇಕಾದದ್ದು ವಾರದ ದಿನಗಳಲ್ಲಿ ತಣ್ಣಗಿರುವ, ಅಂದರೆ ಮಿಲಿಟರಿ ಹಾರಾಟ ಕಡಿಮೆ ಇರುವ ಒಂದು ಬೆಳಿಗ್ಗೆ.

ಅಕ್ಕನ ಮದುವೆಗೆ ಊರಿಗೆ ಬಂದವನು ಬಿಜೈಯ ಮನೆಯಲ್ಲಿ ಕೆಲವು ತಿಂಗಳು ಉಳಿದೆ. ರಾತ್ರಿ 8:30 ಅಂದರೆ ಅಲ್ಲಿ ಬೆಳಿಗ್ಗೆ 8. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ಹಾಕಿದ ಮೇಲೆ 9:30. ಊಟ ಮುಗಿಸಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ಎಸ್‌ಯುಎ (ಇಂಥ ವಿಶೇಷ ಬಳಕೆಯ ಆಕಾಶದ) ಪುಟ, ನೋಟಾಮ್ (ಪೈಲಟ್‌ಗಳಿಗೆ ಕೊಡುವ ಸೂಚನೆ), ಬಿಷಪ್ ಮತ್ತು ಇನ್ಯೋಕರ್ನಿನ ಗಾಳಿ ನೋಡಿ ಅಪ್ಪನ ಅಂಗಡಿಯ ಹಳೆಯ ಲೆಜರಿನಲ್ಲಿ ಬರೆಯುತ್ತಿದ್ದೆ. ಜಮಾ ಕಾಲಮಿನಲ್ಲಿ ತಣ್ಣಗಿದ್ದ ಏರಿಯಾ ಹಸಿರು ಪೆನ್ನಿನಲ್ಲಿ, ಖರ್ಚಿನ ಕಾಲಮಿನಲ್ಲಿ ಬಿಸಿಯಾಗಿದ್ದದ್ದು ಕೆಂಪಿನಲ್ಲಿ, ಸಮಯವೆಲ್ಲ ಜುಲು, ಅಂದರೆ ಯುಟಿಸಿ. ಅಮ್ಮ ದಿನಾ ಬೈದರು. ಪುಟ ತುಂಬುತ್ತಾ ಬಂದ ಹಾಗೆ ಹಸಿರು ಒಂದು ಲಯದಲ್ಲಿ ಬೀಳುವುದು ಕಾಣಿಸಿತು. ಫೆಡರಲ್ ರಜೆಯ ಹಿಂದುಮುಂದಿನ ದಿನಗಳಂತೂ ಸರಿ, ಅದರ ಜೊತೆಗೆ ಒಂದು ಶುಕ್ರವಾರ ಬಿಟ್ಟು ಇನ್ನೊಂದು ಶುಕ್ರವಾರ ಚೈನಾ ಲೇಕ್ ಕಡೆ ಕೆಂಪು ತೀರಾ ತೆಳುವಾಗುತ್ತಿತ್ತು. ಯಾವ ಶುಕ್ರವಾರ ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಉಪಾಯ ನನ್ನ ಹತ್ತಿರ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಲೆಜರ್ ಇಟ್ಟವರಿಗೆ ಅದು ತಾನಾಗಿ ಸಿಗುತ್ತದೆ.

ಅದೇ ಸಮಯದಲ್ಲಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್, ಅಂದರೆ ಆರ್-5107 ಮೇಲೂ ಕಣ್ಣಿಟ್ಟಿದ್ದೆ, ಕುತೂಹಲಕ್ಕೆ. ಅಲ್ಲಿ ಕ್ಷಿಪಣಿ ಪರೀಕ್ಷೆ ಇದ್ದರೆ ಯುಎಸ್-70 ಹೆದ್ದಾರಿಯನ್ನೇ ಸ್ವಲ್ಪ ಹೊತ್ತು ಮುಚ್ಚುತ್ತಾರೆ, ಅದನ್ನು ಮೊದಲೇ ತಿಳಿಸುತ್ತಾರೆ. ರಸ್ತೆಯ ಪ್ರಕಟಣೆ ಓದಿ ಆಕಾಶದ ಲೆಕ್ಕ ಹಾಕಬಹುದು! ಬ್ರಿಟನ್ನಿನ ಸಾಲ್ಸ್‌ಬರಿ ಪ್ಲೇನ್ ಡೇಂಜರ್ ಏರಿಯಾಗಳನ್ನೂ ಕೆಲವು ದಿನ ನೋಡಿದೆ. ಅಲ್ಲಿ ರೇಡಿಯೋದಲ್ಲೇ ಕೇಳಿ ದಾಟುವ ಕ್ರಾಸಿಂಗ್ ಸರ್ವಿಸ್ ಇರುವುದರಿಂದ ಲೆಜರಿನ ಗರಜೇ ಬೀಳಲಿಲ್ಲ, ಬಿಟ್ಟೆ.

ಜನವರಿಯಲ್ಲಿ ವಾಪಸ್ ಹೋದ ಕೂಡಲೇ ಎಲ್ಲ ಸುಸೂತ್ರ ಆಗಲಿಲ್ಲ. ಒಂದು ಬಾರಿ ಹಸಿರು ದಿನವೇ. ಆದರೆ ಚೈನಾ ಲೇಕ್ ಕೇಂದ್ರವಾಗಿಟ್ಟ ಜಿಪಿಎಸ್ ಪರೀಕ್ಷೆಯ ನೋಟಾಮ್ ಬಿತ್ತು. ಇಂಥ ಪರೀಕ್ಷೆಯ ವೃತ್ತ ನೂರಾರು ಮೈಲಿ ಹರಡುತ್ತದೆ. 2016ರ ಜೂನಿನಲ್ಲಿ ಎಫ್‌ಎಎ ಕೊಟ್ಟ ಎಚ್ಚರಿಕೆ ಅಲ್ಲಿನವರಿಗೆ ಇನ್ನೂ ನೆನಪಿದೆ. ಸ್ಕೂಲಿನವರು ಬಿಡಲಿಲ್ಲ, ಇಡೀ ದಿನದ ಬುಕಿಂಗಿಗೆ ಮಿನಿಮಮ್ ಚಾರ್ಜು ಹೋಯಿತು, ಮುನ್ನೂರು ಡಾಲರಿನ ಹತ್ತಿರ. ಇನ್ನೊಂದು ಬಾರಿ ಇನ್ಯೋಕರ್ನ್ ದಾಟಿ ಒಲಾಂಚಾವರೆಗೆ ಹೋದೆ. ಸಿಯೆರಾದ ನೆತ್ತಿಯ ಮೇಲೆ ಮಸೂರದ ಆಕಾರದ ಮೋಡ ಕಟ್ಟಲು ಶುರುವಾಗಿತ್ತು. ಫುಲ್ ಪವರ್ ಕೊಟ್ಟು ಮೂತಿ ಎತ್ತಿದರೂ ಏರಿಳಿತ ತೋರಿಸುವ ವಿಎಸ್‌ಐ ಮೀಟರು ಮಿನಿಟಿಗೆ ಐನೂರು ಅಡಿ ಇಳಿತ ತೋರಿಸುತ್ತಿತ್ತು, ಮರುಕ್ಷಣ ಅಷ್ಟೇ ಏರಿಕೆ. ತಿರುಗಿಸಿದೆ. ಗಂಟೆ ಲಾಗ್‌ಬುಕ್ಕಿಗೆ ಸೇರಿತು, 300 ಮೈಲಿ ಸೇರಲಿಲ್ಲ. ಶಿಖರದ ಮಟ್ಟದಲ್ಲಿ ಗಾಳಿ 25 ನಾಟ್ ಮುನ್ಸೂಚನೆ ಇದ್ದರೆ ಬಿಡಬೇಕು ಎನ್ನುವುದು ಅಲ್ಲಿನವರ ರೂಢಿ. ನಾನು ಅಂದಿನಿಂದ 20ಕ್ಕೇ ಬಿಡುತ್ತೇನೆ.

ಫೆಬ್ರವರಿಯ ಒಂದು ಶುಕ್ರವಾರ ಎಲ್ಲ ಕೂಡಿ ಬಂತು. ಮಂಜಿನಿಂದ ಬೇಕರ್ಸ್‌ಫೀಲ್ಡ್ ಮುಚ್ಚಿತ್ತು, ಸ್ಕೂಲಿನ ಉಳಿದ ವಿಮಾನಗಳೆಲ್ಲ ಕಟ್ಟಿಹಾಕಿಯೇ ಇದ್ದವು. ಏಳು ಗಂಟೆ ಸುಮಾರಿಗೆ ಟೇಕಾಫ್ ಆದೆ. ಫಾಕ್ಸಿನಿಂದ ಇನ್ಯೋಕರ್ನ್‌ಗೆ ನೇರ ಗೆರೆ ಹಾಕಿದರೆ ಆರ್-2515ರ ಪಶ್ಚಿಮ ಅಂಚಿಗೆ ತೀರಾ ಒತ್ತಿಕೊಳ್ಳುತ್ತದೆ. ಆದ್ದರಿಂದ ಮೊಹಾವಿಯವರೆಗೆ ಹೋಗಿ ಅಲ್ಲಿಂದ 14ನೇ ಹೆದ್ದಾರಿಯ ಪಶ್ಚಿಮಕ್ಕೆ 7,500 ಅಡಿಯಲ್ಲಿ. ಆ ಆಕಾಶದ ಕಂಟ್ರೋಲರುಗಳಾದ ಜೋಶುವಾ ಅಪ್ರೋಚ್‌ನಿಂದ ಫ್ಲೈಟ್ ಫಾಲೋಯಿಂಗ್ (ರೇಡಾರಿನಲ್ಲಿ ನೋಡಿ ಬೇರೆ ವಿಮಾನಗಳ ಸುದ್ದಿ ಹೇಳುವ ಸೇವೆ) ತಗೊಂಡೆ. ಅವರಿಗೆ ಮೊದಲ ಕಾಲ್‌ನಲ್ಲಿ ಏನು ಹೇಳಿದರೆ ಕೆಲಸ ಸಲೀಸು ಎನ್ನುವುದೂ ನನ್ನ ಹತ್ತಿರವೇ ಇರಲಿ.

ಇನ್ಯೋಕರ್ನಿನಲ್ಲಿ ಫುಲ್ ಸ್ಟಾಪ್, ಅಂದರೆ ಇಳಿದು ಪೂರ್ತಿ ನಿಲ್ಲುವುದು. ಮುಂದೆ ದಿಕ್ಕು ವಾಯವ್ಯಕ್ಕೆ ಬಾಗುವುದರಿಂದ ಆ ದಿಕ್ಕಿಗೆ ತಕ್ಕ ಎತ್ತರ, 8,500 ಅಡಿ. ಇಲ್ಲಿಂದ ಲಿಟಲ್ ಲೇಕ್ ದಾಟುವವರೆಗಿನದ್ದೇ ಇಡೀ ದಾರಿಯ ಇಕ್ಕಟ್ಟು: ಬಲಕ್ಕೆ ಆರ್-2505, ಎಡಕ್ಕೆ ಸಿಯೆರಾ. ನಾನು ಜಿಪಿಎಸ್ಸನ್ನು ನೆಚ್ಚಲಿಲ್ಲ. 395ನೇ ಹೆದ್ದಾರಿ ಸದಾ ನನ್ನ ಬಲಗಡೆ ಕಿಟಕಿಯಲ್ಲಿ ಕಾಣಬೇಕು, ಇಷ್ಟೇ ನಿಯಮ. ಹೆದ್ದಾರಿಯ ಪಕ್ಕದಲ್ಲೇ ಕೆಂಪು ಬೂದಿಯ ಗುಡ್ಡವೊಂದು ನಿಂತಿದೆ, ಹಳೆಯ ಜ್ವಾಲಾಮುಖಿ. ಅದು ಬಲಕ್ಕೆ ಸರಿದು ಹಿಂದೆ ಬಿದ್ದರೆ ದಾರಿ ಸರಿ ಇದೆ ಎಂದರ್ಥ. ಇಂಜಿನ್ ನಿಂತರೆ ಎಲ್ಲಿಗೆ ಎಂಬ ಲೆಕ್ಕವೂ ಬೇಕು: ಪ್ರತಿ ಸಾವಿರ ಅಡಿ ಎತ್ತರಕ್ಕೆ ನಮ್ಮ ಸೆಸ್ನಾ ಒಂದೂವರೆ ಮೈಲಿ ತೇಲುತ್ತದೆ, ಆ ತೇಲುವ ದೂರ ನಿಷೇಧಿತ ಜಾಗದ ಕಡೆಗಲ್ಲ, ಹೆದ್ದಾರಿಯ ಕಡೆಗೆ ಇರುವ ಹಾಗೆ ನಾನು ನಿಲುಗಡೆಗಳನ್ನು ಗುರುತಿಸಿದ್ದೆ. ಓವೆನ್ಸ್ ಕೆರೆಯ ಬಿಳಿ ಉಪ್ಪು, ಆಮೇಲೆ ಲೋನ್ ಪೈನ್, ಎಡಕ್ಕೆ 14,505 ಅಡಿಯ ಮೌಂಟ್ ವಿಟ್ನಿ. ಬಿಷಪ್‌ನ ರನ್‌ವೇ 4,124 ಅಡಿ ಎತ್ತರದಲ್ಲಿದೆ. ಫೆಬ್ರವರಿಯ ತಂಪಿನಲ್ಲಿ ಅದೇನೂ ಕಷ್ಟ ಕೊಡಲಿಲ್ಲ.

ವಾಪಸ್ ಬರುವಾಗ ಒಲಾಂಚಾ ಹತ್ತಿರ ಜೋಶುವಾ ಟ್ರಾಫಿಕ್ ಹೇಳಿ ಮುಗಿಸುವುದರೊಳಗೆ ಎರಡು ಎಫ್/ಎ-18 ನನ್ನ ಕೆಳಗಿನಿಂದಲೇ ಹಾದವು. ಮೊದಲು ಕಂಡದ್ದು ಕಂದು ನೆಲದ ಮೇಲೆ ಓಡಿದ ನೆರಳು, ವಿಮಾನ ಆಮೇಲೆ. ತೆಳುವಾದ ಶುಕ್ರವಾರವೇ ಇಷ್ಟು, ಮಂಗಳವಾರ ಹೇಗಿರಬಹುದು ಎಂದು ನೀವೇ ಅಂದಾಜು ಹಾಕಿ.

ಒಟ್ಟು 320 ಮೈಲಿಗೆ ಸ್ವಲ್ಪ ಮೇಲೆ, ವಿಮಾನದ ಹಾಬ್ಸ್ ಮೀಟರಿನಲ್ಲಿ ಮೂರೂವರೆ ಗಂಟೆ, ಗಂಟೆಗೆ 170 ಡಾಲರಿನ ಲೆಕ್ಕದಲ್ಲಿ ಆರುನೂರು ಡಾಲರಿನ ಒಳಗೆ. ಎರಡು ಬೇರೆ ಬೇರೆ ಕಡೆ ಫುಲ್ ಸ್ಟಾಪ್, ಡಿಜಿಸಿಎಗೆ ಬೇಕಾದದ್ದು ಒಂದೇ ಬೆಳಿಗ್ಗೆಯಲ್ಲಿ ಆಯಿತು. ತಲೆ ಅಲ್ಲಾಡಿಸಿದ್ದ ಇನ್‌ಸ್ಟ್ರಕ್ಟರ್ ನನ್ನ ಚಾರ್ಟಿನ ಫೋಟೋ ತೆಗೆದುಕೊಂಡರು. ಕಾರ್ಕಳದವನು ಫೋನಿನಲ್ಲಿ ಕೇಳಿದ್ದು ಒಂದೇ, "ಲೆಜರ್ ಕೊಡ್ತಿಯಾ?" ಕೊಟ್ಟೆ, ಆ ಶುಕ್ರವಾರದ ಉಪಾಯ ಬಿಟ್ಟು.

ಈಗ ಬಂಟ್ವಾಳದ ಹುಡುಗಿಯೊಬ್ಬಳು ಡಿಸೆಂಬರಿನಲ್ಲಿ ಅರಿಜೋನಾಕ್ಕೆ ಹೊರಟಿದ್ದಾಳೆ. ಅವಳಿಗಾಗಿ ಬ್ಯಾರಿ ಗೋಲ್ಡ್‌ವಾಟರ್ ರೇಂಜಿನ ಆರ್-2301 ಪುಟ ಶುರು ಮಾಡಿದ್ದೇನೆ. ಫೀನಿಕ್ಸ್ ಕಡೆ ಗಡಿಯಾರ ಹಿಂದೆಮುಂದೆ ಮಾಡುವ ಪದ್ಧತಿ ಇಲ್ಲದ ಕಾರಣ ವರ್ಷವಿಡೀ ರಾತ್ರಿ 8:30ಕ್ಕೇ ಕೂತರೆ ಸಾಕು.