ಮುನ್ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ ಪ್ಲೇಟು

ನಮ್ಮ ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ಇಲ್ಲಿಯ ಪ್ರೆಸ್ಸಿಗೆ ಬರುವ ಲೇಖಕರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ: "ಒಂದು ಪುಸ್ತಕಕ್ಕ ಎಷ್ಟು ಬೀಳ್ತೈತ್ರಿ?" ಪ್ಲೇಟು ಮಾಡಿಕೊಂಡು ಅಚ್ಚುಹಾಕುವ ಆಫ್‌ಸೆಟ್ಟಿನಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಮೊದಲ ಒಳ್ಳೆಯ ಹಾಳೆ ಹೊರಬೀಳುವುದರೊಳಗೆ ಖರ್ಚಿನ ದೊಡ್ಡ ಪಾಲು ಆಗಿಹೋಗಿರುತ್ತದೆ. ಹಾಗಾಗಿ ನಾನು ತಿರುಗಿ ಕೇಳುವುದು ಎರಡು ಮಾತು: ಎಷ್ಟು ಪ್ರತಿ, ತಿದ್ದುವುದೆಲ್ಲ ಮುಗಿದಿದೆಯೇ?

ನಿವೃತ್ತ ಮಾಸ್ತರೊಬ್ಬರು ತಂದ ಪ್ರಬಂಧ ಸಂಕಲನದ ಲೆಕ್ಕವನ್ನೇ ಹೇಳುತ್ತೇನೆ. ಅಳತೆ ಡೆಮಿ 1/8, 160 ಪುಟ, ಒಳಪುಟ ಬರೀ ಕಪ್ಪು, ಮುಖಪುಟ ನಾಲ್ಕು ಬಣ್ಣ. "ಸಾವಿರ ಬ್ಯಾಡ್ರಿ, ಮುನ್ನೂರು ಹಾಕ್ರಿ. ರೊಕ್ಕ ಮೂರನೇ ಒಂದು ಪಾಲಿಗೆ ಇಳೀತದಲ್ರೀ?" ಅಂದರು. "ಇಳಿಯೂದಿಲ್ರಿ ಸರ" ಅಂದು ಕಾಗದ ತೆಗೆದು ಮಡಚಿ ತೋರಿಸಿದೆ.

18×23 ಇಂಚಿನ ಡೆಮಿ ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟ ಕೂರುತ್ತವೆ. ಎರಡೂ ಮಗ್ಗುಲು ಸೇರಿ ಹದಿನಾರು. ಅದನ್ನು ಒಂದು ಫಾರಂ ಅನ್ನುತ್ತೇವೆ. 160 ಪುಟಕ್ಕೆ ಹತ್ತು ಫಾರಂ, ಅಂದರೆ ಮಗ್ಗುಲಿಗೆ ಒಂದರಂತೆ ಇಪ್ಪತ್ತು ಪ್ಲೇಟು (ಪುಟಗಳು ಮೂಡಿದ ಅಲ್ಯುಮಿನಿಯಂ ತಗಡು). ಮುಖಪುಟಕ್ಕೆ ಬಣ್ಣಕ್ಕೊಂದರಂತೆ ಇನ್ನು ನಾಲ್ಕು. ಈ ಇಪ್ಪತ್ನಾಲ್ಕು ಪ್ಲೇಟು ಹತ್ತು ಪ್ರತಿಗೂ ಬೇಕು, ಹತ್ತು ಸಾವಿರಕ್ಕೂ ಅಷ್ಟೇ ಬೇಕು. ಪ್ಲೇಟು ಕಟ್ಟಿ, ಇಂಕು ಹದಕ್ಕೆ ತಂದು, ಎರಡು ಮಗ್ಗುಲಿನ ಸಾಲು ಒಂದರ ಬೆನ್ನಿಗೆ ಒಂದು ಕೂರುವಂತೆ ಮಾಡುವಷ್ಟರಲ್ಲಿ ಫಾರಮ್ಮಿಗೆ ನೂರರ ಹತ್ತಿರ ಹಾಳೆ ಹಾಳಾಗುತ್ತವೆ. ಹತ್ತು ಫಾರಮ್ಮಿಗೆ ಸಾವಿರ ಹಾಳೆ, ಇದರ ಎರಡರಷ್ಟಿರುವ ಡಬಲ್ ಡೆಮಿ ಹಾಳೆಯಲ್ಲಿ ಎಣಿಸಿದರೆ ಐನೂರು, ಅಂದರೆ ಒಂದು ರೀಮು. ಸಾವಿರ ಪ್ರತಿಗಾದರೆ ಹತ್ತು ರೀಮಿನ ಪುಸ್ತಕಕ್ಕೆ ಒಂದು ರೀಮು ವೇಸ್ಟು. ಮುನ್ನೂರು ಪ್ರತಿಗಾದರೆ ಮೂರು ರೀಮಿನ ಪುಸ್ತಕಕ್ಕೂ ಅದೇ ಒಂದು ರೀಮು. (ಹಳೆಯ ವೇಸ್ಟ್ ಹಾಳೆಯನ್ನೇ ಮೊದಲು ಓಡಿಸಿ ಇದರಲ್ಲಿ ಸ್ವಲ್ಪ ಉಳಿಸುತ್ತೇವೆ, ಅದು ಬೇರೆ ಮಾತು.) ಹದಕ್ಕೆ ಬಂದಮೇಲೆ ಗಂಟೆಗೆ ಐದಾರು ಸಾವಿರ ಹಾಳೆ ಓಡುವ ಮಷಿನ್ನಿಗೆ ಮುನ್ನೂರಕ್ಕೂ ಸಾವಿರಕ್ಕೂ ಇರುವ ವ್ಯತ್ಯಾಸ ಒಂದು ಪ್ಲೇಟಿಗೆ ಕೆಲವೇ ನಿಮಿಷದ್ದು. ಮುಖ್ಯವಾಗಿ ಹೆಚ್ಚಾಗುವುದು ಕಾಗದ ಮತ್ತು ಬೈಂಡಿಂಗಿನ ಖರ್ಚು.

ಮಷಿನ್ನಿನ ಗುಟ್ಟು ನೀರು-ಎಣ್ಣೆಯ ಹಗೆಯಲ್ಲಿದೆ. ಅಲ್ಯುಮಿನಿಯಂ ಪ್ಲೇಟಿನಲ್ಲಿ ಅಕ್ಷರ ಉಬ್ಬಿಯೂ ಇಲ್ಲ, ತಗ್ಗಿಯೂ ಇಲ್ಲ. ಬೆರಳಾಡಿಸಿದರೆ ಎಲ್ಲ ಸಪಾಟು. ಅಕ್ಷರವಿರುವ ಜಾಗ ಎಣ್ಣೆಯ ಇಂಕನ್ನು ಹಿಡಿಯುತ್ತದೆ, ಖಾಲಿ ಜಾಗ ನೀರನ್ನು ಹಿಡಿದು ಇಂಕನ್ನು ದೂರ ಇಡುತ್ತದೆ. ಪ್ಲೇಟು ನೇರವಾಗಿ ಕಾಗದವನ್ನು ಮುಟ್ಟುವುದೂ ಇಲ್ಲ. ಇಂಕು ಮೊದಲು ರಬ್ಬರಿನ ಬ್ಲ್ಯಾಂಕೆಟ್ಟಿಗೆ ಇಳಿದು, ಅಲ್ಲಿಂದ ಕಾಗದಕ್ಕೆ ಹತ್ತುತ್ತದೆ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಉಲ್ಟಾ ಅಕ್ಷರ ಓದಲು ಕಲಿತವರಿಗೆ ಇದು ವಿಚಿತ್ರ: ಪ್ಲೇಟಿನಲ್ಲಿ ಅಕ್ಷರ ನೇರವಾಗಿಯೇ ಇರುತ್ತದೆ, ಉಲ್ಟಾ ಆಗುವುದು ಬ್ಲ್ಯಾಂಕೆಟ್ಟಿನ ಮೇಲೆ. ಈ ನೀರು-ಎಣ್ಣೆಯ ಉಪಾಯವನ್ನು 1796ರ ಸುಮಾರಿಗೆ ಜರ್ಮನಿಯಲ್ಲಿ ಸೆನೆಫೆಲ್ಡರ್ ಕಲ್ಲಿನ ಮೇಲೆ ಕಂಡುಕೊಂಡ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದೂ ಆ ಕಲ್ಲಚ್ಚಿನಲ್ಲೇ. ಆಫ್‌ಸೆಟ್ಟಿನಲ್ಲಿ ಕಲ್ಲಿನ ಬದಲು ಪ್ಲೇಟು, ನಡುವೆ ರಬ್ಬರು.

ನೀರು ಕಡಿಮೆಯಾದರೆ ಖಾಲಿ ಜಾಗದಲ್ಲೂ ಇಂಕು ಹತ್ತಿ ಹಾಳೆ ಮಾಸಲಾಗುತ್ತದೆ. ಹೆಚ್ಚಾದರೆ ಅಕ್ಷರ ಬಿಳಿಚಿಕೊಳ್ಳುತ್ತದೆ. ನಮ್ಮ ಮಷಿನ್‌ಮನ್ ಮೀಟರ್ ನೋಡುವುದಕ್ಕಿಂತ ಹೆಚ್ಚಾಗಿ ಪ್ಲೇಟಿನ ಮೇಲಿನ ಮಿನುಗು ನೋಡಿ ಇದನ್ನು ಹೇಳುತ್ತಾನೆ.

ಮಳೆಗಾಲದಲ್ಲಿ ಕಾಡುವುದು ಮುಖಪುಟ. ನಮ್ಮದು ಸಿಂಗಲ್ ಕಲರ್ ಮಷಿನ್. ಒಂದೇ ಹಾಳೆ ನಾಲ್ಕು ಸಲ ಒಳಗೆ ಹೋಗಿ ಬರಬೇಕು. ಎರಡು ಬಣ್ಣಗಳ ನಡುವೆ ಹಾಳೆ ಹವೆಯ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗಿದರೂ ಮುಂದಿನ ಬಣ್ಣ ಸರಿಯುತ್ತದೆ. ಚಿತ್ರದಲ್ಲಿ ಇದು ಗೊತ್ತಾಗದೆ ಹೋಗಬಹುದು. ಆದರೆ ನಾಲ್ಕೂ ಬಣ್ಣ ಕೂಡಿದ ಗಾಢ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಟ್ಟ ಸಣ್ಣ ಕನ್ನಡ ಅಕ್ಷರದಲ್ಲಿ ಮೊದಲು ಮುಚ್ಚಿಹೋಗುವುದು ಒತ್ತು. 'ಸ್ತ್ರೀ', 'ರಾಷ್ಟ್ರ' ಬರೆದಿದ್ದರೆ ಮಸೂರ ಹಿಡಿದು ಹುಡುಕಬೇಕು. ಡಿಸೈನರ್ ಹುಡುಗರಿಗೆ ನನ್ನ ಮಾತು ಇಷ್ಟೇ: ಬಿಳಿ ಅಕ್ಷರ ದಪ್ಪವಿರಲಿ, ಕರಿ ಅಕ್ಷರವನ್ನು ಬರೀ ಕಪ್ಪಿನಲ್ಲಿ ಇಡಿ, ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಬೇಡಿ. ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಯುನಿಕೋಡಿಗೆ ತಿರುಗಿಸಿದ್ದರೆ ಅರ್ಕಾವತ್ತನ್ನೆಲ್ಲ ಇನ್ನೊಮ್ಮೆ ನೋಡಿ. ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ.

ಮಾಸ್ತರಿಗೆ ಪುಸ್ತಕದ ತುಂಬ ತಿದ್ದುವ ಆಸೆಯಿತ್ತು. ಅದಕ್ಕೇ ಮೊದಲು ಹತ್ತು ಪ್ರತಿಯನ್ನು ಡಿಜಿಟಲ್ಲಿನಲ್ಲಿ ತೆಗೆಸಿ ಗೆಳೆಯರಿಗೆ ಓದಲು ಕೊಡಿ ಅಂದೆ. ಡಿಜಿಟಲ್ಲಿನಲ್ಲಿ ಪ್ಲೇಟಿಲ್ಲ, ಮೊದಲ ಪ್ರತಿಗೂ ನೂರನೆಯದಕ್ಕೂ ಒಂದೇ ದರ. ಗೆಳೆಯರು ಕೆಂಪು ಪೆನ್ನಿನಲ್ಲಿ ತುಂಬಾ ಗೀಚಿ ಕೊಟ್ಟರು. ಅಷ್ಟಾದರೂ ಮಷಿನ್ ಮೇಲೆ ಹತ್ತಿಸಿದ ದಿನ ಒಬ್ಬ ಹಿರಿಯರ ಹೆಸರಲ್ಲಿ ದೀರ್ಘ ಬಿಟ್ಟುಹೋದದ್ದು ಮಾಸ್ತರ ಕಣ್ಣಿಗೆ ಬಿತ್ತು. ಒಂದು ದೀರ್ಘಕ್ಕಾಗಿ ಎಂಟು ಪುಟದ ಪ್ಲೇಟನ್ನೇ ಹೊಸದಾಗಿ ಮಾಡಿಸಿದೆವು. ಕೊನೆಗೆ ಅಚ್ಚಾದದ್ದು ಐನೂರು ಪ್ರತಿ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಎನ್.ಎಸ್., ಅಂದರೆ ನ್ಯಾಚುರಲ್ ಶೇಡಿನ, ಮ್ಯಾಪ್ಲಿಥೊ ಕಾಗದದಲ್ಲಿ.

ಬರೀ ಕಪ್ಪಿನ ಪುಸ್ತಕವಾದರೆ ನಮ್ಮಲ್ಲಿ ಮುನ್ನೂರರಿಂದ ಐನೂರು ಪ್ರತಿಯ ನಡುವೆ ಎಲ್ಲೋ ಡಿಜಿಟಲ್ಲಿಗಿಂತ ಆಫ್‌ಸೆಟ್ ಅಗ್ಗವಾಗಲು ಶುರುವಾಗುತ್ತದೆ. ಬಿಲ್ ಬುಕ್ಕು, ಕರಪತ್ರ, ಜಾತ್ರೆಯ ಪೋಸ್ಟರಿಗೆ ಆಫ್‌ಸೆಟ್ಟೇ, ಅನುಮಾನವೇ ಬೇಡ. ಹೆಸರು ಬದಲಾಗುತ್ತ ಹೋಗುವ ಪ್ರಮಾಣಪತ್ರಕ್ಕೆ, ನಾಳೆ ಬೆಳಗಾದರೆ ಬೇಕಾದ ಆಮಂತ್ರಣಕ್ಕೆ ನಮ್ಮ ಕಡೆ ಬರಬೇಡಿ. ಇಂಕು ಪೂರ್ತಿ ಒಣಗುವ ಮೊದಲು ಕಟ್ ಮಾಡಿದರೆ ಒಂದು ಹಾಳೆಯ ಬಣ್ಣ ಇನ್ನೊಂದರ ಬೆನ್ನಿಗೆ ಹತ್ತುತ್ತದೆ.

ಕೆಲಸ ಮುಗಿದ ಪ್ಲೇಟುಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ, ಗುಜರಿಗೆ ಅಲ್ಯುಮಿನಿಯಂ ತೂಕದಲ್ಲಿ ಹೋಗುತ್ತವೆ. ಆದ್ದರಿಂದ ಪ್ರತಿ ಖಾಲಿಯಾಗಿ "ಇನ್ನೊಂದು ಐವತ್ತು ಬೇಕಾಗಿತ್ರಿ" ಎಂದು ಬಂದವರಿಗೆ ಪಿಡಿಎಫ್ ಕೊಟ್ಟು ಡಿಜಿಟಲ್ ಅಂಗಡಿಗೆ ಕಳಿಸುತ್ತೇನೆ. ಮುಖಪುಟದ ಬಣ್ಣ ಒಂದಿಷ್ಟು ಬೇರೆ ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ಹೇಳಿರುತ್ತೇನೆ.